ನಾಳೆ ನಾಡಿದ್ದು ಪರೀಕ್ಷೆ

ಕೊಳ್ಳೇಗಾಲ
೪–೪–೧೯೭೧

ಮಗಳೇ ಸುವರ್ಣಾ,

ನೀನು ಯುಗಾದಿ ಮುಗಿಸಿಕೊಂಡು ಬಸ್ಸು ಹತ್ತಿದ ಮೇಲೆ ಮನೆ ಬಣಗುಡುತ್ತಿದೆ. ನಿನ್ನ ತಮ್ಮ ದೇವಣ್ಣ ಬಾಯಿಗೆ ಬೀಗ ಹಾಕಿಕೊಂಡು ಮಗ್ಗದ ಮುಂದೆ ಕೂತಿರುತ್ತಾನೆ. ಅವನ ಹೆಂಡತಿ ಚನ್ನಾಜಿ ಮಾತ್ರ, ನೀನು ಕೈ ಹಿಡಿದು ನೋಡಿ ‘ಮೂರು ತಿಂಗಳು’ ಅಂದಾಗಿನಿಂದ ಒಬ್ಬೊಬ್ಬಳೇ ನಗುತ್ತಾಳೆ.

ಹೊರಡುವಾಗ ನಿನ್ನ ಮುಖ ಸಣ್ಣದಾಗಿತ್ತು. ಒಂದು ಸಲ ಫೇಲಾದರೆ ಲೋಕವೇನೂ ಮುಳುಗುವುದಿಲ್ಲ. ಆದರೆ ನನಗೊಂದು ಅರ್ಥವಾಗುವುದಿಲ್ಲ. ರಷ್ಯಾದವರು ಏಳು ವರ್ಷ ಓದಿಸಿ, ಡಾಕ್ಟರು ಅಂತ ಮೊಹರು ಒತ್ತಿ ಕಳಿಸಿದ್ದಾರೆ. ನಮ್ಮವರು, ಇಲ್ಲಿ ಮತ್ತೆ ಪರೀಕ್ಷೆ ಪಾಸು ಮಾಡಿದರೇ ರಿಜಿಸ್ಟರಿನಲ್ಲಿ ಹೆಸರು ಸೇರಿಸುವುದು ಅಂತಾರೆ. ಇದು ಯಾವ ನ್ಯಾಯ? ಹಾವು ಕಚ್ಚಿದರೆ ಏನು ಮಾಡುತ್ತೀರಿ ಅಂತ ಕೇಳಿದ್ದಕ್ಕೆ ನೀನು ತಬ್ಬಿಬ್ಬಾದೆಯಂತೆ. ಕೊಳ್ಳೇಗಾಲದಲ್ಲಿ ಹುಟ್ಟಿದವಳು ಹಾವಿನಲ್ಲಿ ಫೇಲಾದಳು ಅಂದರೆ ಬೀದಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅದಕ್ಕೇ ನಾನು ಯಾರಿಗೂ ಹೇಳಿಲ್ಲ. ಹೋಗಲಿ ಬಿಡು. ನಾವು ಕೊಯಮತ್ತೂರು ಜಿಲ್ಲೆಗೆ ಸೇರಿದ್ದಾಗ ನಾನೂ ಅರ್ಧ ತಮಿಳಿನಲ್ಲಿ, ಅರ್ಧ ಕನ್ನಡದಲ್ಲಿ ಓದಿದವನು. ಒಂದರಲ್ಲಿ ಬರುತ್ತಿದ್ದ ಲೆಕ್ಕ ಇನ್ನೊಂದರಲ್ಲಿ ಕೇಳಿದರೆ ಕೈಕೊಡುತ್ತಿತ್ತು. ನಿನ್ನ ಕಷ್ಟ ನನಗೆ ಗೊತ್ತಾಗುತ್ತದೆ.

ಇನ್ನೊಂದು ಸಂಗತಿ. ಚನ್ನಾಜಿಯ ತಾಯಿ ಅನಸೂಯಮ್ಮ ಹನೂರಿನಿಂದ ಬಂದಿದ್ದರು. ಏಳು ತುಂಬಿದ ಮೇಲೆ ಮಗಳನ್ನು ಕಳಿಸಿಕೊಡಿ ಅಂದರು. “ಮೊದಲ್ನೇ ಎರ್ಗೆ ತವರಲ್ಲಾಗದೆ ಇನ್ನೆಲ್ಲಾದದು ಬೀಗ್ರೇ?” ಅಂತ ಕೇಳಿದರು. ನಾನು ಆಗುವುದೇ ಇಲ್ಲ ಅಂದೆ. ಮನೆಯಲ್ಲೇ ಡಾಕ್ಟರು ಇರುವಾಗ ಸೊಸೆಯನ್ನು ಬೇರೆಯವರ ಕೈಗೆ ಯಾಕೆ ಕೊಡಲಿ? ನಮ್ಮ ಮನೆಯ ಪದ್ಧತಿ ನಿನಗೆ ತಿಳಿಯದ್ದಲ್ಲ. ಒಬ್ಬರು ಶುರು ಮಾಡಿದ ಸೀರೆಗೆ ಇನ್ನೊಬ್ಬರು ಕೂರುವುದಿಲ್ಲ. ಕೈಯ ಏಟು ಬೇರೆಯಾದರೆ ನೇಯ್ಗೆಯೂ ಬೇರೆಯಾಗುತ್ತದೆ, ಕೊಳ್ಳುವವನು ಬಿಚ್ಚಿ ನೋಡಿದ ಕೂಡಲೇ ಕಂಡುಹಿಡಿಯುತ್ತಾನೆ. ಚನ್ನಾಜಿಯನ್ನು ಮೊದಲು ನೋಡಿದವಳು ನೀನು. ಕೊನೆಯವರೆಗೂ ನೀನೇ ನೋಡಬೇಕು.

ಓದು ಓದು ಅಂತ ಊಟ ಬಿಡಬೇಡ.

ನಿನ್ನ ಅಪ್ಪ
ರಾಮಲಿಂಗಯ್ಯ


ಬೆಂಗಳೂರು
೧೫–೪–೧೯೭೧

ಅಪ್ಪ,

ನಿಮ್ಮ ಕಾಗದ ಓದುತ್ತಾ ನಗುತ್ತಿದ್ದೆ. ಕೊನೆಗೆ ಬರುವ ಹೊತ್ತಿಗೆ ನಗು ನಿಂತುಹೋಯಿತು.

ನಾನು ಇನ್ನೂ ಡಾಕ್ಟರಲ್ಲ. ಇದನ್ನು ಮೊದಲು ನೀವು ನಂಬಬೇಕು. ಇಲ್ಲಿಯ ಕಾನೂನಿನ ಪ್ರಕಾರ ನಾನು ಒಂದು ಇಂಜೆಕ್ಷನ್ ಕೊಡುವ ಹಾಗಿಲ್ಲ, ಒಂದು ಔಷಧಿ ಚೀಟಿ ಬರೆಯುವ ಹಾಗಿಲ್ಲ. ಆಸ್ಪತ್ರೆಯಲ್ಲಿ ಓದುವ ಹುಡುಗರ ಹಿಂದೆ ನಿಂತು ಕತ್ತು ಚಾಚಿ ನೋಡುತ್ತೇನೆ. ಅವರೆಲ್ಲ ನನಗಿಂತ ಆರೇಳು ವರ್ಷ ಚಿಕ್ಕವರು. ರೋಗಿಯನ್ನು ಮುಟ್ಟಲು ಅವರಿಗೆ ಅಪ್ಪಣೆಯಿದೆ, ನನಗಿಲ್ಲ.

ಅಲ್ಲಿ ನಾನು ನೋಡಿದ್ದು ಹಿಮದಲ್ಲಿ ಕಾಲ್ಬೆರಳು ಕಳೆದುಕೊಂಡವರನ್ನು. ಇಲ್ಲಿ ಕೇಳುವುದು ಮಲೇರಿಯಾ, ಆನೆಕಾಲು, ಕಾಲರಾ, ನಿಮ್ಮ ಹಾವು. ಕಲಿತದ್ದೆಲ್ಲ ರಷ್ಯನ್ ಭಾಷೆಯಲ್ಲಿ ತಲೆಯೊಳಗೆ ಕೂತಿದೆ. ಇಂಗ್ಲಿಷಿನಲ್ಲಿ ಪ್ರಶ್ನೆ ಬಂದರೆ ನಾನು ಮನಸ್ಸಿನೊಳಗೇ ಮೊದಲು ಅಲ್ಲಿಗೆ ಹೋಗಿ, ಉತ್ತರ ಹುಡುಕಿ, ಅದನ್ನು ಇಂಗ್ಲಿಷಿಗೆ ತಂದುಕೊಂಡು ಬಾಯಿಬಿಡಬೇಕು. ಅಷ್ಟರಲ್ಲಿ ಎದುರಿಗೆ ಕೂತವರು ಗಡಿಯಾರ ನೋಡಿಕೊಳ್ಳುತ್ತಾರೆ. ಕಳೆದ ಸಲ ಒಬ್ಬರು, “ಗೊತ್ತಿದೆಯೋ ಇಲ್ಲವೋ ಅಷ್ಟು ಹೇಳಮ್ಮ ಸಾಕು” ಅಂದರು. ಗೊತ್ತಿತ್ತು ಅಪ್ಪ. ಹೇಳುವಷ್ಟರಲ್ಲಿ ಅವರು ಮುಂದಿನವರನ್ನು ಕರೆದಿದ್ದರು. ಈಗ ಹಾಸ್ಟೆಲಿನ ಕೋಣೆಯಲ್ಲಿ ಗೋಡೆಗೆ ಮುಖಮಾಡಿ ಗಟ್ಟಿಯಾಗಿ ಉತ್ತರ ಹೇಳಿ ಅಭ್ಯಾಸ ಮಾಡುತ್ತೇನೆ. ಪಕ್ಕದ ಕೋಣೆಯವಳು ನನಗೆ ಗಾಳಿ ಸೋಕಿದೆ ಅಂದುಕೊಂಡಿದ್ದಾಳೆ.

ಸೆಪ್ಟೆಂಬರಿನ ಪರೀಕ್ಷೆ ತಪ್ಪಿದರೆ ಮೂರನೇ ಸಲ ನನ್ನನ್ನು ಕೂರಿಸುವುದಿಲ್ಲವಂತೆ. ಆಮೇಲೆ ನಾನು ಯಾರು ಅಂತ ಕೇಳಿದರೆ ಹೇಳಲು ನನ್ನ ಹತ್ತಿರ ಏನೂ ಇರುವುದಿಲ್ಲ.

ಚನ್ನಾಜಿಯ ವಿಷಯ. ಅವಳ ಲೆಕ್ಕಕ್ಕೆ ಅಕ್ಟೋಬರ್ ಎರಡನೇ ವಾರ ಹೆರಿಗೆ. ತಿಂಗಳಿಗೊಂದು ಸಲ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತದ ಒತ್ತಡ ನೋಡಿಸಬೇಕು, ಮೂತ್ರ ಪರೀಕ್ಷೆ ಮಾಡಿಸಬೇಕು. ನಾನು ಅವಳ ಕೈ ಹಿಡಿದು ನೋಡಿದ್ದು ನಾದಿನಿಯ ಸಲಿಗೆಯಿಂದ, ಅದನ್ನು ದೊಡ್ಡದು ಮಾಡಬೇಡಿ. ಅನಸೂಯಮ್ಮನವರು ಕೇಳಿದರೆ ಸಂತೋಷದಿಂದ ಕಳಿಸಿಕೊಡಿ. ಅವಳು ಸೀರೆಯಲ್ಲ ಅಪ್ಪ.

ನಿಮ್ಮ ಮಗಳು
ಸುವರ್ಣ


ಕೊಳ್ಳೇಗಾಲ
೨–೭–೧೯೭೧

ಸುವರ್ಣಾ,

ನಿನ್ನ ಕಾಗದದ ಕೊನೆಯ ಸಾಲು ನನಗೆ ಹಿಡಿಸಲಿಲ್ಲ. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ಸೀರೆ ಯಾವುದು, ಹೆಣ್ಣು ಯಾವುದು ಅನ್ನುವಷ್ಟು ಬುದ್ಧಿ ನಿನ್ನ ಅಪ್ಪನಿಗಿದೆ.

ಮೊನ್ನೆ ಆಸ್ಪತ್ರೆಯ ನರ್ಸಮ್ಮ ಬೀದಿಗೆ ಬಂದಿದ್ದಳು. ಬಸುರಿಯರನ್ನು ನೋಡಿಕೊಂಡು ಹೋಗುವುದು ಅವಳ ಕೆಲಸವಂತೆ. “ನಮ್ಮನೇಲಿ ಡಾಕ್ಟ್ರು ಅವ್ಳೆ ಕಣಮ್ಮ. ರಷ್ಯಾಕ್ ಓಗಿ ಓದ್ಕಂಡ್ ಬಂದವ್ಳೆ. ಅವ್ಳೇ ನೋಡ್ತಾವ್ಳೆ, ನೀನು ಮುಂದ್ಕೋಗು” ಅಂದೆ. ಅವಳು, “ಆಗ್ಲಿ ಸಾ, ಆದ್ರೂ ಒಂದ್ಸಲ ನೀರು ಪರೀಕ್ಷೆ ಮಾಡುಸ್ಬುಡಿ” ಅಂತ ಹೇಳಿ ಹೋದಳು. ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರ ಮುಂದೆಯೇ ನಾನು ಸೊಸೆಯನ್ನು ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸಿದರೆ ಏನು ಅಂದುಕೊಳ್ಳುತ್ತಾರೆ? ರಾಮಲಿಂಗಯ್ಯನ ಮಗಳ ಕೈಲಿ ಏನೂ ಆಗುವುದಿಲ್ಲ ಅಂದುಕೊಳ್ಳುತ್ತಾರೆ. ನಾಳೆ ನೀನು ಪಾಸಾಗಿ ಬಂದರೆ ಯಾರು ನಿನ್ನ ಹತ್ತಿರ ಬರುತ್ತಾರೆ? ನಾನು ಕಾಯುತ್ತಿರುವುದು ನಿನ್ನ ಮರ್ಯಾದೆಯನ್ನು.

ಅನಸೂಯಮ್ಮ ಮತ್ತೆ ಬಂದು ಹೋದರು. ಈ ಸಲ ಹೆಚ್ಚು ಮಾತಾಡಲಿಲ್ಲ. ಹೊರಡುವಾಗ ಕಣ್ಣು ಒರೆಸಿಕೊಂಡರು. ನನಗೂ ಕೆಡುಕೆನಿಸಿತು. ಆದರೆ ಮಾತು ಅಂದರೆ ಮಾತು.

ಅಗರದ ಶಿವರುದ್ರಸ್ವಾಮಿಗಳು ಮಗಳ ಮದುವೆಗೆ ಧಾರೆ ಸೀರೆ ಹೇಳಿದ್ದಾರೆ. ಅಂಚಿನ ಕೆಲಸ ನಾಜೂಕಿನದು. ಚನ್ನಾಜಿ ತಾನೇ ಕೂತು ಶುರು ಮಾಡಿದ್ದಾಳೆ. ಕೈ ಬೀಸಾಗಿ ಓಡುತ್ತಿದೆ. ನೀನು ಹೆದರುವ ಹಾಗೆ ಏನೂ ಇಲ್ಲ.

ಅಪ್ಪ
ರಾಮಲಿಂಗಯ್ಯ


ಬೆಂಗಳೂರು
೨೦–೭–೧೯೭೧

ಅಪ್ಪ,

ಅವಳನ್ನು ಮಗ್ಗದಿಂದ ಎಬ್ಬಿಸಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇದಕ್ಕಿಂತ ಸ್ಪಷ್ಟವಾಗಿ ಬರೆಯಲು ನನಗೆ ಬರುವುದಿಲ್ಲ.

ನಿಮ್ಮ ಒಂದೊಂದು ಕಾಗದ ಬಂದಾಗಲೂ ನನ್ನ ಓದು ಹಾಳಾಗುತ್ತದೆ. ಪುಸ್ತಕ ತೆರೆದರೆ ನಿಮ್ಮ ಮಾತೇ ಕೇಳಿಸುತ್ತದೆ. ಇನ್ನು ಉಳಿದಿರುವುದು ಎರಡೇ ತಿಂಗಳು. ನಾನು ಹೇಳಿದ್ದನ್ನು ಮಾಡಿ, ಪರೀಕ್ಷೆ ಮುಗಿಯುವವರೆಗೆ ಮನೆಯ ವಿಷಯ ಬರೆಯಬೇಡಿ. ಸಿಟ್ಟಿನಿಂದ ಬರೆಯುತ್ತಿಲ್ಲ. ಇಲ್ಲ, ಸಿಟ್ಟೂ ಇದೆ.

ಸುವರ್ಣ


ಕೊಳ್ಳೇಗಾಲ
೨೫–೮–೧೯೭೧

ಸುವರ್ಣಾ,

ಬರೆಯಬೇಡ ಅಂದಿದ್ದೀಯ, ಅದಕ್ಕೇ ಒಂದು ಕಾರ್ಡು ಮಾತ್ರ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಚನ್ನಾಜಿ ನಮ್ಮ ಮನೆಗೆ ಬಂದಾಗ ಕಡ್ಡಿಯಾಗಿದ್ದಳು. ಈಗ ಮೈಕೈ ತುಂಬಿಕೊಂಡು, ಮುಖವೂ ದುಂಡಗಾಗಿ ಲಕ್ಷಣವಾಗಿದ್ದಾಳೆ. ಬಳೆ ಕೈಯಿಂದ ಇಳಿಯುವುದೇ ಇಲ್ಲ. ನೋಡಿದವರೆಲ್ಲ ಗಂಡುಮಗು ಅನ್ನುತ್ತಿದ್ದಾರೆ. ನಿಶ್ಚಿಂತೆಯಿಂದ ಓದು. ಜವಾಬು ಬರೆಯಬೇಕಾಗಿಲ್ಲ.

ಅಪ್ಪ


ಕೊಳ್ಳೇಗಾಲ
೧೮–೯–೧೯೭೧

ಸುವರ್ಣಕ್ಕನವರಿಗೆ ಚನ್ನಾಜಮ್ಮ ಮಾಡುವ ನಮಸ್ಕಾರ.

ನಾನು ಕಾಗದ ಬರೆದದ್ದು ಮಾವನವರಿಗೆ ಗೊತ್ತಿಲ್ಲ. ನೀವು ಓದುವ ಹೊತ್ತಿನಲ್ಲಿ ತೊಂದರೆ ಕೊಡಬಾರದು ಅಂತ ಅವರು ಹೇಳಿದ್ದಾರೆ. ನಾಲ್ಕನೇ ಕ್ಲಾಸಿನವಳು ಬರೆದದ್ದು, ತಪ್ಪಿದ್ದರೆ ನಗಬೇಡಿ.

ಅಕ್ಕ, ನನಗೊಂದು ಕನ್ನಡಕ ಬೇಕಾಗಬಹುದು. ಬೆಂಗಳೂರಿನಲ್ಲಿ ಸಿಗುತ್ತದಾ? ನಾಲ್ಕು ದಿನದಿಂದ ಮಗ್ಗದ ಎಳೆ ಒಂದು ಎರಡಾಗಿ ಕಾಣುತ್ತದೆ. ನಡುವೆ ಮಿಂಚು ಹುಳು ಹಾರಿದ ಹಾಗೆ ಆಗುತ್ತದೆ. ಧಾರೆ ಸೀರೆಯ ಅಂಚಿನಲ್ಲಿ ತಪ್ಪು ಬಿತ್ತು. “ಗ್ಯಾನ ಎಲ್ಲಿಟ್ಟಿದ್ದೀಯೆ ತಾಯಿ?” ಅಂತ ಮಾವನವರು ಕೇಳಿದರು. ನನಗೆ ಅಳು ಬಂತು. ತಲೆನೋವು ಬೇರೆ. ಕಣ್ಣಿಗೆ ಆಯಾಸ ಆಗಿರಬೇಕು. ಕಾಲಂತೂ ಕಂಬ ಆಗಿದೆ, ಅದು ಎಲ್ಲ ಬಸುರಿಯರಿಗೂ ಆಗುತ್ತದಂತೆ. ಪಕ್ಕದ ಮನೆಯ ರಂಗಮ್ಮನವರು ಜೀರಿಗೆ ಕಷಾಯ ಮಾಡಿಕೊಟ್ಟಿದ್ದಾರೆ.

ನಿಮ್ಮ ಪರೀಕ್ಷೆ ಚೆನ್ನಾಗಿ ಆಗಲಿ. ಮಗುವನ್ನು ಮೊದಲು ನೀವೇ ಎತ್ತಿಕೊಳ್ಳಬೇಕು.

ಚನ್ನಾಜಮ್ಮ


ತಂತಿ
ಬೆಂಗಳೂರು, ೨೧–೯–೧೯೭೧

ರಾಮಲಿಂಗಯ್ಯ, ಕೊಳ್ಳೇಗಾಲ.
ಚನ್ನಾಜಿಯನ್ನು ಕೂಡಲೇ ಆಸ್ಪತ್ರೆಗೆ ಸೇರಿಸಿ. ನಾಳೆ ನಾಡಿದ್ದು ಪರೀಕ್ಷೆ. ಮುಗಿಸಿ ಬರುತ್ತೇನೆ.
ಸುವರ್ಣ


ಬೆಂಗಳೂರು
೨೦–೧೦–೧೯೭೧

ಅಪ್ಪ,

ನಾವು ಮೈಸೂರಿನ ಆಸ್ಪತ್ರೆಯ ಹೊರಗೆ ಅಷ್ಟು ದಿನ ಒಟ್ಟಿಗೆ ಕೂತಿದ್ದೆವು. ಆಗ ಎದುರಿಗೆ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಬಸ್ಸಿಳಿದು ಬೀದಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಬಾಗಿಲಲ್ಲಿ ಜನ ನೆರೆದಿದ್ದರು. ಚನ್ನಾಜಿಗೆ ಆಗಲೇ ಎರಡು ಸಲ ಫಿಟ್ಸ್ ಬಂದಿತ್ತು. ರಂಗಮ್ಮ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನೀವು ನನ್ನನ್ನು ನೋಡಿದ ಕೂಡಲೇ, “ಬಂದ್ಯಾ ಮಗ, ನಿನ್ನೇ ಕಾಯ್ತಿದ್ದೊ” ಅಂದಿರಿ. ಕಾಯುತ್ತಿದ್ದಿರಿ! ತಂತಿ ನಿಮ್ಮ ಕೈ ಸೇರಿ ಎರಡು ದಿನವಾಗಿತ್ತು. ಸರ್ಕಾರಿ ಆಸ್ಪತ್ರೆ ನಮ್ಮ ಬೀದಿಯ ಆಚೆಗೆ ಇತ್ತು.

ನಾನು ಬಂದ ಮೇಲೆ ಅಲ್ಲಿಗೆ ಹೊತ್ತುಕೊಂಡು ಹೋದೆವು, ಅಲ್ಲಿಂದ ಅವರು ಮೈಸೂರಿಗೆ ಕಳಿಸಿದರು. ಹುಟ್ಟಿದ ಮಗುವಿಗೆ ಉಸಿರಿರಲಿಲ್ಲ. ಚನ್ನಾಜಿಗೆ ಎಚ್ಚರವಾದಾಗ ಅವಳಿಗೆ ಅದನ್ನು ಹೇಳಿದವಳು ನಾನು. ಅವಳು ನನ್ನ ಕೈ ಹಿಡಿದುಕೊಂಡು, “ನೀವು ಬರೋ ಗಂಟ ತಡೀಬೇಕಾಗಿತ್ತು ಅಕ್ಕ” ಅಂದಳು. ತಡೆಯದೆ ಹೋದದ್ದು ತನ್ನ ತಪ್ಪು ಅಂತ ಅವಳ ಎಣಿಕೆ.

ನಿಮಗೆ ಇನ್ನೂ ಒಂದನ್ನು ಹೇಳಬೇಕು. ತಂತಿ ಕೊಟ್ಟ ಮೇಲೆ ನಾನು ಬಸ್ ಸ್ಟ್ಯಾಂಡಿಗೆ ಹೋಗಬಹುದಾಗಿತ್ತು. ಹಾಸ್ಟೆಲಿಗೆ ಹೋಗಿ ಪುಸ್ತಕ ತೆರೆದೆ. ಅಪ್ಪ ನೋಡಿಕೊಳ್ಳುತ್ತಾರೆ ಅಂದುಕೊಂಡೆ. ಮಾರನೆಯ ದಿನ ಬಾಯಿಪರೀಕ್ಷೆಯಲ್ಲಿ ಮೊದಲ ಪ್ರಶ್ನೆಯೇ ಅದು. ಚೊಚ್ಚಲ ಬಸುರಿ, ದಿನ ತುಂಬುತ್ತಾ ಬಂದಿದೆ, ಮುಖ ಊದಿದೆ, ತಲೆನೋವು, ಕಣ್ಣಿಗೆ ಒಂದು ಎರಡಾಗಿ ಕಾಣುತ್ತದೆ, ಏನು ಮಾಡುತ್ತೀರಿ? ನಾನು ಯಾವ ಭಾಷೆಗೂ ಹೋಗಿ ಬರಬೇಕಾಗಲಿಲ್ಲ. “ಆಗಿಂದಾಗಲೇ ಆಸ್ಪತ್ರೆಗೆ ಸೇರಿಸುತ್ತೇನೆ, ಒಂದು ಗಂಟೆಯೂ ಕಾಯುವುದಿಲ್ಲ” ಅಂದೆ. “ಕಾದರೆ?” ಅಂತ ಕೇಳಿದರು. ಕಾದರೆ ಏನಾಗುತ್ತದೆ ಅನ್ನುವುದನ್ನೂ ಹೇಳಿದೆ. “ಬಹಳ ಸರಿಯಾಗಿ ಹೇಳಿದಿರಿ” ಅಂದರು.

ಹೊರಗೆ ಬಂದಾಗ ನನಗೆ ಸಂತೋಷವಾಗಿತ್ತು ಅಪ್ಪ. ಅವಳ ನೆನಪು ಬಂತು, ಬಂದರೂ ಸಂತೋಷ ಹೋಗಲಿಲ್ಲ. ಅವತ್ತು ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿದೆ. ಇದನ್ನು ನಾನು ಯಾರ ಹತ್ತಿರ ಹೇಳಲಿ?

ಸುವರ್ಣ


ಕೊಳ್ಳೇಗಾಲ
೨೮–೧೧–೧೯೭೧

ಮಗಳೇ ಸುವರ್ಣಾ,

ನಿನ್ನ ಕಾಗದ ಬಂದ ದಿನ ನಾನು ನಿನ್ನನ್ನು ಬೈದೆ. ಅಪ್ಪನಿಗೆ ಹೀಗೆಲ್ಲ ಬರೆಯುತ್ತಾಳಲ್ಲ ಅಂತ ದೇವಣ್ಣನ ಮುಂದೆ ಕೂಗಾಡಿದೆ. ಅವನು ಎದ್ದು ಹೊರಗೆ ಹೋದ. ಅವನು ನನ್ನ ಹತ್ತಿರ ಮಾತು ಕಡಿಮೆ ಮಾಡಿದ್ದಾನೆ. ಶನಿವಾರ ಬಂತೆಂದರೆ, ಆಸ್ಪತ್ರೆಯಿಂದ ತವರಿಗೆ ಹೋದ ಹೆಂಡತಿಯನ್ನು ನೋಡಲು ಹನೂರಿಗೆ ಹೊರಡುತ್ತಾನೆ.

ಪೋಸ್ಟ್ ಮಾಸ್ತರರು ತಂತಿಯನ್ನು ಎರಡು ಸಲ ಓದಿ ಅರ್ಥ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ನೀನು ಬರುತ್ತೀಯ ಅನ್ನುವುದೊಂದೇ. ನಾಡಿದ್ದು ಅಂದರೆ ಎಷ್ಟು ಹೊತ್ತು, ಇಷ್ಟು ದಿನ ಕಾದದ್ದಾಗಿದೆ, ಈಗ ಇನ್ನೊಬ್ಬರ ಕೈಗೆ ಯಾಕೆ ಅಂದುಕೊಂಡೆ. ಹೀಗೆ ಅಂದುಕೊಂಡವನು ನಾನು. ಬೇರೆ ಯಾರೂ ಅಲ್ಲ.

ಮೊನ್ನೆ ಹನೂರಿಗೆ ಹೋಗಿದ್ದೆ. ಅನಸೂಯಮ್ಮ ಚಾಪೆ ಹಾಕಿದರು, ನೀರು ಕೊಟ್ಟರು. ಸೊಸೆಯನ್ನು ಕಳಿಸಿಕೊಡಿ ಅಂತ ಕೇಳುವಷ್ಟರಲ್ಲಿ ಅವರೇ ಅಂದರು: “ಬೀಗ್ರೇ, ನೀವ್ ಬಂದ್ರಿ, ಕೂತ್ಕಳಿ, ಉಂಡ್ಕಂಡೇ ಓಗಿ. ನನ್ ಮಗಳ ಮಾತ್ರ ಕರೀಬ್ಯಾಡಿ. ನಿಮ್ ಮನೇಲಿ ಡಾಕ್ಟ್ರು ಅವ್ರೆ ಅಂತ ನಾನು ಬಾಯ್ ಮುಚ್ಕಂಡ್ ಬಂದ್ನಲ್ಲ, ಅದ್ಕೆ ದಿನಾ ಒಟ್ಟೆ ಉರ್ಕತಾವ್ನಿ.” ಚನ್ನಾಜಿ ಒಳಗಿನಿಂದ ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿ ಮತ್ತೆ ಒಳಗೆ ಹೋದಳು.

ನೀನು ಮನೆಯ ವಿಳಾಸ ಕೊಟ್ಟಿದ್ದರಿಂದ ಫಲಿತಾಂಶ ಇಲ್ಲಿಗೇ ಬಂತು. ಪಾಸಾಗಿದ್ದೀಯ. ಕಾಗದ ಇದರ ಜೊತೆಗಿದೆ. ಬೀದಿಯವರಿಗೆ ಅದು ಹೇಗೋ ಗೊತ್ತಾಯಿತು. ರಂಗಮ್ಮ ಬಂದು, “ನಿಜವಾಗ್ಲೂ ಡಾಕ್ಟ್ರಾದ್ಲಾ ಈಗ?” ಅಂತ ಕೇಳಿದಳು. ಹೂಂ ಅಂದೆ. ಅವಳು ಹೊರಟುಹೋದಳು.

ಒಂದು ಮಾತು ನಡೆಸಿಕೊಡು. ಆ ಪ್ರಶ್ನೆಯ ಸಂಗತಿಯನ್ನು ಚನ್ನಾಜಿಗೆ ಯಾವತ್ತೂ ಹೇಳಬೇಡ. ನನ್ನ ತಪ್ಪು ಅವಳಿಗೆ ಗೊತ್ತಿದೆ, ಅದನ್ನು ಹೊತ್ತುಕೊಂಡು ಹೋಗುತ್ತಾಳೆ. ನೀನೆಂದರೆ ಅವಳಿಗೆ ಇನ್ನೂ ಪ್ರಾಣ.

ಅಪ್ಪ
ರಾಮಲಿಂಗಯ್ಯ


ಮೈಸೂರು
೧೦–೮–೧೯೭೨

ಚನ್ನಾಜಿ,

ನಿನಗೆ ಮತ್ತೆ ನಾಲ್ಕು ತಿಂಗಳು ಅಂತ ದೇವಣ್ಣ ಬರೆದಿದ್ದಾನೆ. ಕಾಗದ ಓದಿ ಸಂತೋಷಪಟ್ಟೆ, ಆಮೇಲೆ ಹೆದರಿಕೊಂಡೆ. ನನ್ನ ಹೆಸರು ರಿಜಿಸ್ಟರಿನಲ್ಲಿ ಸೇರಿದೆ. ಇಲ್ಲಿ ಹೆರಿಗೆ ವಾರ್ಡಿನಲ್ಲೇ ಕೆಲಸ ಮಾಡುತ್ತಿದ್ದೇನೆ. ಈಗ ಯಾರೂ ನನ್ನನ್ನು ತಡೆಯುವ ಹಾಗಿಲ್ಲ.

ನಿನ್ನನ್ನು ನೋಡಲು ನಾನು ಹನೂರಿಗೆ ಬರಲೇ? ತಿಂಗಳಿಗೊಂದು ಸಲ ಬಂದು ಹೋಗುತ್ತೇನೆ. ದಿನ ಹತ್ತಿರವಾದಾಗ ರಜೆ ಹಾಕಿ ನಿನ್ನ ಪಕ್ಕದಲ್ಲೇ ಇರುತ್ತೇನೆ. ಇನ್ನು ಯಾವ ಕೆಲಸವೂ ನನಗೆ ಅಡ್ಡ ಬರುವುದಿಲ್ಲ. ನೀನು ಹೂಂ ಅಂದರೆ ಭಾನುವಾರವೇ ಹೊರಡುತ್ತೇನೆ. ನಿನ್ನ ಅಮ್ಮನಿಗೆ ನಾನೇ ಹೇಳುತ್ತೇನೆ.

ನಿನ್ನ ಅಕ್ಕ
ಸುವರ್ಣ


ಹನೂರು
೨–೯–೧೯೭೨

ಸುವರ್ಣಕ್ಕನವರಿಗೆ ಚನ್ನಾಜಮ್ಮ ಮಾಡುವ ನಮಸ್ಕಾರ.

ಜವಾಬು ತಡವಾಯಿತು. ಮೂರು ಸಲ ಬರೆದು ಹರಿದುಹಾಕಿದೆ.

ನಾನು ಚೆನ್ನಾಗಿದ್ದೇನೆ. ತಿಂಗಳಿಗೊಂದು ಸಲ ಕೊಳ್ಳೇಗಾಲದ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬರುತ್ತೇನೆ. ಮಾವನವರೇ ಬಂದು ಕರೆದುಕೊಂಡು ಹೋಗುತ್ತಾರೆ. ಕಣ್ಣು ಸರಿಯಾಗಿ ಕಾಣುತ್ತದೆ. ಕಾಲು ಊದಿಲ್ಲ. ಅಮ್ಮ ಉಪ್ಪು ಕಡಿಮೆ ಹಾಕುತ್ತಾಳೆ.

ನೀವು ಬರುತ್ತೇನೆ ಅಂತ ಬರೆದಿದ್ದೀರಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಅಕ್ಕ, ದೇವರಾಣೆ. ನಮ್ಮ ಮನೆಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂತ ಹೇಳಿದವರು ನೀವೊಬ್ಬರೇ. ಅದನ್ನು ನಾನು ಮರೆಯುವುದಿಲ್ಲ.

ಆದರೆ ನೀವು ಬಂದರೆ ಒಂದು ಮಾತು ಕೇಳಿಬಿಡುತ್ತೇನೆ. ಎಷ್ಟು ತಡೆದುಕೊಂಡರೂ ನಾಲಿಗೆಗೆ ಬಂದುಬಿಡುತ್ತದೆ. ನನ್ನ ಕಾಗದ ಓದಿದ ಮೇಲೆ, ಆ ಎರಡು ದಿನ ನಿಮಗೆ ಪರೀಕ್ಷೆಯಲ್ಲಿ ಗಮನ ನಿಂತಿತಾ ಅಂತ. ನೀವು ಸುಳ್ಳು ಹೇಳುವವರಲ್ಲ. ನಿಲ್ಲಲಿಲ್ಲ ಕಣೇ, ಕೈ ನಡುಗಿತು, ಏನು ಹೇಳಿದೆ ಅಂತ ನನಗೇ ಗೊತ್ತಿಲ್ಲ ಅಂತ ನೀವು ಅಂದರೆ ನನ್ನ ಮನಸ್ಸು ತಣ್ಣಗಾಗುತ್ತದೆ. ಅಷ್ಟು ಕೇಳಿದರೆ ನನಗೆ ಸಾಕು.

ಆದರೆ ನೀವು ಪಾಸಾಗಿದ್ದೀರಿ. ಅದಕ್ಕೇ ಬರಬೇಡಿ ಅಕ್ಕ.

ಚನ್ನಾಜಮ್ಮ